ಕೋಡ್ ಬದಲಾಗದಿದ್ದರೂ ನಿಂತುಹೋದ ಬಿಲ್ಡ್: ಕೋಲಾರದ ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಕೋಲಾರ ನಗರದ ಒಂದು ಸಣ್ಣ ಸಾಫ್ಟ್‌ವೇರ್ ಸಂಸ್ಥೆ ಮತ್ತು ಅದೇ ಜಿಲ್ಲೆಯ ಒಂದು ರೈತ ಉತ್ಪಾದಕ ಕಂಪನಿಗೆ ಸಂಬಂಧಿಸಿದ ಪ್ರಕರಣವಿದು. ನಡೆದದ್ದು 2025ರ ಬೇಸಿಗೆಯಲ್ಲಿ. ಎರಡೂ ಕಡೆಯವರ ಹೆಸರನ್ನೂ ಅವರನ್ನು ಗುರುತಿಸಬಹುದಾದ ವಿವರಗಳನ್ನೂ ಇಲ್ಲಿ ಕೈಬಿಡಲಾಗಿದೆ, ಲೆಕ್ಕದ ಚೀಟಿಯಲ್ಲಿನ ಅಂಕಿಗಳನ್ನು ಬದಲಿಸಲಾಗಿದೆ. ತಂಡಕ್ಕೆ ಹೊರಗಿನಿಂದ ತಾಂತ್ರಿಕ ಸಲಹೆ ನೀಡುತ್ತಿದ್ದುದರಿಂದ ಯಾವ ನಿರ್ಧಾರ ಯಾವ ಹಂತದಲ್ಲಿ, ಯಾವ ಕಾರಣಕ್ಕೆ ಆಯಿತು ಎಂಬುದನ್ನು ಹತ್ತಿರದಿಂದ ನೋಡುವ ಅವಕಾಶ ನನಗೆ ಸಿಕ್ಕಿತು.

ರೈತ ಕಂಪನಿಯ ಸದಸ್ಯರು ಬೆಳೆಯುವುದು ಮುಖ್ಯವಾಗಿ ಟೊಮೆಟೊ. ಸಂಗ್ರಹಣಾ ಕೇಂದ್ರಕ್ಕೆ ಬಂದ ಬಾಕ್ಸ್‌ಗಳನ್ನು ಎಣಿಸಿ, ತೂಕ ಹಾಕಿ, ದರ್ಜೆ ಬರೆದು, ಆ ದಿನದ ದರಕ್ಕೆ ಗುಣಿಸಿ, ಹಮಾಲಿ ಮತ್ತು ಸಾಗಣೆ ವೆಚ್ಚ ಕಳೆದು, ರೈತರ ಕೈಗೆ ಒಂದು ಚೀಟಿ ಕೊಡುವುದು, ಸಂಜೆಯ ಹೊತ್ತಿಗೆ ಬ್ಯಾಂಕಿಗೆ ಪಾವತಿಯ ಪಟ್ಟಿ ಕಳಿಸುವುದು: ಇಷ್ಟೂ ಕೆಲಸ 2021ರಲ್ಲಿ ಬರೆದ ಒಂದು ವೆಬ್ ಅಪ್ಲಿಕೇಶನ್‌ನಲ್ಲಿ ನಡೆಯುತ್ತಿತ್ತು. ಬಳಕೆದಾರರಿಗೆ ಕಾಣುವ ಪರದೆಯ ಭಾಗವನ್ನು ಜಾವಾಸ್ಕ್ರಿಪ್ಟ್ ಭಾಷೆಯ ವ್ಯೂ 2 ಎಂಬ ಚೌಕಟ್ಟಿನಲ್ಲಿ, ಸರ್ವರ್ ಭಾಗವನ್ನು ಪೈಥಾನ್ ಭಾಷೆಯ ಫ್ಲಾಸ್ಕ್ 1.1 ಎಂಬ ಚೌಕಟ್ಟಿನಲ್ಲಿ ಬರೆಯಲಾಗಿತ್ತು. ಕೋಡ್ ಅನ್ನು ರೆಪೊಸಿಟರಿಗೆ, ಅಂದರೆ ಅದರ ಇತಿಹಾಸವೆಲ್ಲ ಇರುವ ಸಂಗ್ರಹಕ್ಕೆ, ಪುಶ್ ಮಾಡಿದರೆ (ಕಳಿಸಿದರೆ) ಸಾಕು. ಬಾಡಿಗೆಗೆ ಪಡೆದ ಬಿಲ್ಡ್ ಸೇವೆಯೊಂದು ಹೊಸ ಯಂತ್ರವೊಂದನ್ನು ಎಬ್ಬಿಸಿ, ಬೇಕಾದ ಲೈಬ್ರರಿಗಳನ್ನು (ಪ್ಯಾಕೇಜ್‌ಗಳೆಂದೂ ಕರೆಯುವ, ಇತರರು ಬರೆದಿಟ್ಟ ಸಿದ್ಧ ಕೋಡ್) ಇಳಿಸಿಕೊಂಡು, ಇದ್ದ ಕೆಲವೇ ಟೆಸ್ಟ್‌ಗಳನ್ನು ಓಡಿಸಿ, ಸಿದ್ಧವಾದ ಫೈಲುಗಳನ್ನು ಸರ್ವರ್‌ಗೆ ತಲುಪಿಸುತ್ತಿತ್ತು. ಈ ಇಡೀ ಕ್ರಮಕ್ಕೆ ಬಿಲ್ಡ್ ಎನ್ನುತ್ತಾರೆ. ಬರೆದವರು ಅಚ್ಚುಕಟ್ಟಾಗಿಯೇ ಬರೆದಿದ್ದರು. ಅಪ್ಲಿಕೇಶನ್ ತಕರಾರಿಲ್ಲದೆ ನಡೆಯುತ್ತಿದ್ದುದರಿಂದ ಹಿಂದಿನ ಹಂಗಾಮು ಮುಗಿದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ, ಹಾಗಾಗಿ ಬಿಲ್ಡ್ ಕೂಡ ಅಷ್ಟು ತಿಂಗಳು ಒಮ್ಮೆಯೂ ಓಡಿರಲಿಲ್ಲ.

ಸಮಸ್ಯೆ

ಮೇ ತಿಂಗಳಲ್ಲಿ ರೈತ ಕಂಪನಿಯವರು ಒಂದು ಸಣ್ಣ ಬದಲಾವಣೆ ಕೇಳಿದರು. ರೈತರು ಕೊಂಡೊಯ್ಯುವ ಖಾಲಿ ಬಾಕ್ಸ್‌ಗಳಿಗೆ ಠೇವಣಿ ಪಡೆಯಲು ಆಡಳಿತ ಮಂಡಳಿ ತೀರ್ಮಾನಿಸಿತ್ತು. ಆ ಮೊತ್ತ ಚೀಟಿಯಲ್ಲಿ ಪ್ರತ್ಯೇಕ ಸಾಲಾಗಿ ಬರಬೇಕಿತ್ತು. ಜೂನ್, ಜುಲೈನಲ್ಲಿ ಆವಕ ಏರುವುದಕ್ಕೆ ಮುಂಚೆ ಇದು ಜಾರಿಗೆ ಬರಬೇಕೆಂಬುದು ಅವರ ಒಂದೇ ಷರತ್ತು. ಕಿರಿಯ ಇಂಜಿನಿಯರ್ ಅರ್ಧ ದಿನದಲ್ಲಿ ಕೋಡ್ ಬರೆದು, ತನ್ನ ಲ್ಯಾಪ್‌ಟಾಪ್‌ನಲ್ಲಿ ಪರೀಕ್ಷಿಸಿ, ಪುಶ್ ಮಾಡಿದ.

ಬಿಲ್ಡ್ ಆರಂಭವೇ ಆಗಲಿಲ್ಲ. ಬಿಲ್ಡ್ ಫೈಲಿನಲ್ಲಿ ಹೆಸರಿಸಿದ್ದ ಉಬುಂಟು 20.04 ಎಂಬ ಆಪರೇಟಿಂಗ್ ಸಿಸ್ಟಮ್‌ನ ಯಂತ್ರವನ್ನು ಸೇವೆಯವರು ಹಿಂದೆಗೆದುಕೊಂಡಿದ್ದರು. ಉಬುಂಟು 20.04ಕ್ಕೆ ಸಾಮಾನ್ಯ ಬೆಂಬಲ ಕೊನೆಯಾಗುವುದು 2025ರ ಮೇ ತಿಂಗಳಲ್ಲೇ ಎಂಬುದು ಮೊದಲೇ ಪ್ರಕಟವಾಗಿದ್ದ ವಿಷಯ, ಆದ್ದರಿಂದ ಇದರಲ್ಲಿ ಅನ್ಯಾಯವೇನೂ ಇರಲಿಲ್ಲ. ಆ ಸಾಲಿನಲ್ಲಿ ಯಂತ್ರದ ಹೆಸರನ್ನು 'ಇತ್ತೀಚಿನದು' ಎಂದು ಬದಲಿಸಲಾಯಿತು. ಬಿಲ್ಡ್ ಆರಂಭವಾಯಿತು, ಕೆಲವೇ ನಿಮಿಷಗಳಲ್ಲಿ ಕೆಂಪಾಯಿತು, ಅಂದರೆ ವಿಫಲವಾಯಿತು. ಲಾಗ್‌ನ (ಬಿಲ್ಡ್ ನಡೆದ ಹಂತಗಳ ದಾಖಲೆ) ಕೊನೆಯಲ್ಲಿ ಇದ್ದದ್ದು 'ನೋಡ್-ಸಾಸ್ ಅನುಸ್ಥಾಪನೆ ವಿಫಲ' ಎಂಬ ಅರ್ಥದ ಒಂದು ಸಾಲು ಮಾತ್ರ.

ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಇಂಥ ಪ್ರಕರಣಗಳಲ್ಲಿ ಹೆಚ್ಚಿನವರು ದಾರಿ ತಪ್ಪುವುದು ಈ ಕೊನೆಯ ಸಾಲನ್ನು ನಂಬಿ. ನಿಜವಾದ ಕಾರಣ ಲಾಗ್‌ನಲ್ಲಿ ನೂರಾರು ಸಾಲುಗಳಷ್ಟು ಮೇಲಿತ್ತು: 'ಡಿಸ್ಟ್‌ಯುಟಿಲ್ಸ್ ಎಂಬ ಮಾಡ್ಯೂಲ್ ಇಲ್ಲ'. ಡಿಸ್ಟ್‌ಯುಟಿಲ್ಸ್ ಪೈಥಾನ್‌ನ ಭಾಗ, ವಿಫಲವಾದದ್ದು ಜಾವಾಸ್ಕ್ರಿಪ್ಟ್‌ನ ಬಿಲ್ಡ್. ಇವೆರಡಕ್ಕೂ ನಂಟೇನು ಎಂದು ತಂಡ ಗೊಂದಲಕ್ಕೆ ಬಿದ್ದದ್ದು ಸಹಜ. ನಂಟು ಹೀಗಿದೆ. ನೋಡ್-ಸಾಸ್ ಎಂಬುದು ಪುಟಗಳ ಶೈಲಿ ಫೈಲುಗಳನ್ನು ಬ್ರೌಸರ್‌ಗೆ ತಿಳಿಯುವ ರೂಪಕ್ಕೆ ತರುವ, ಸಿ++ನಲ್ಲಿ ಬರೆದ ಲಿಬ್‌ಸಾಸ್ ಅನ್ನು ಒಳಗೊಂಡ ಪ್ಯಾಕೇಜ್. ಬ್ರೌಸರ್‌ನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನ ಪ್ರತಿಯೊಂದು ಮುಖ್ಯ ಆವೃತ್ತಿಗೂ ಬೇರೆ ಬೇರೆಯಾಗಿ ಕಂಪೈಲ್ ಮಾಡಿದ (ಯಂತ್ರ ನೇರವಾಗಿ ಓಡಿಸಬಲ್ಲ ರೂಪಕ್ಕೆ ತಂದ) ಬೈನರಿ ಫೈಲನ್ನು ನೋಡ್-ಸಾಸ್‌ನ ತಯಾರಕರು ಒದಗಿಸುತ್ತಿದ್ದರು. ಅಪ್ಲಿಕೇಶನ್ ಬಳಸುತ್ತಿದ್ದ ನೋಡ್-ಸಾಸ್ 6ಕ್ಕೆ ನೋಡ್ 16ರವರೆಗೆ ಮಾತ್ರ ಬೈನರಿ ಇದೆ. ಹಳೆಯ ಯಂತ್ರದಲ್ಲಿ ಇದ್ದದ್ದು ನೋಡ್ 16, ಹೊಸದರಲ್ಲಿ ಇದ್ದದ್ದು ನೋಡ್ 20. ಬೈನರಿ ಸಿಗದಿದ್ದಾಗ ನೋಡ್-ಸಾಸ್ ತಾನೇ ಕಂಪೈಲ್ ಮಾಡಿಕೊಳ್ಳಲು ಹೊರಡುತ್ತದೆ, ಅದಕ್ಕೆ ನೋಡ್-ಜಿಪ್ ಎಂಬ ಸಾಧನವನ್ನು ಕರೆಯುತ್ತದೆ, ನೋಡ್-ಜಿಪ್ ಪೈಥಾನ್ ಅನ್ನು ಕರೆಯುತ್ತದೆ. ಆಗ 'ಇತ್ತೀಚಿನದು' ಎಂದರೆ ಉಬುಂಟು 24.04, ಅದರಲ್ಲಿ ಬರುವುದು ಪೈಥಾನ್ 3.12, 2023ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ ಈ ಆವೃತ್ತಿಯಿಂದ ಡಿಸ್ಟ್‌ಯುಟಿಲ್ಸ್ ಅನ್ನು ತೆಗೆದುಹಾಕಲಾಗಿದೆ. ಹಳೆಯ ನೋಡ್-ಜಿಪ್ ಅದನ್ನೇ ಹುಡುಕಿ ನಿಂತುಬಿಟ್ಟಿತು.

ಅಪ್ಲಿಕೇಶನ್‌ನ ಕೋಡ್‌ನಲ್ಲಿ ದೋಷವಿರಲಿಲ್ಲ. ನೋಡ್ ಯಾವ ಆವೃತ್ತಿಯದ್ದಾಗಿರಬೇಕು ಎಂಬ ಮಾತನ್ನು ಆ ರೆಪೊಸಿಟರಿಯಲ್ಲಿ ಎಲ್ಲಿಯೂ ಬರೆದಿರಲಿಲ್ಲ, ದೋಷವಿದ್ದದ್ದು ಅಲ್ಲಿ. ಯಂತ್ರದಲ್ಲಿ ಆಗ ಇದ್ದದ್ದೇ ಆವೃತ್ತಿ ಎಂಬಂತೆ ನಡೆದುಕೊಂಡು ಬಂದಿತ್ತು.

ರೈತ ಕಂಪನಿಯ ವ್ಯವಸ್ಥಾಪಕರು ಫೋನಿನಲ್ಲಿ ಕೇಳಿದ ಪ್ರಶ್ನೆ ನೇರವಾಗಿತ್ತು: "ಸಾಫ್ಟ್‌ವೇರ್ ಕೆಟ್ಟಿಲ್ಲ ಅಂತೀರಿ, ಆದ್ರೆ ಒಂದು ಸಾಲು ಸೇರಿಸೋಕೂ ಆಗ್ತಿಲ್ಲ ಅಂತೀರಿ. ಇದು ಹೆಂಗೆ ಸಾರ್?" ಹಿರಿಯ ಇಂಜಿನಿಯರ್ ಅವರಿಗೆ ಕೊಟ್ಟ ಉತ್ತರ ನನಗೆ ಸರಿಯೆನಿಸಿತು. ತೋಟದಲ್ಲಿ ನಿಂತ ಬೆಳೆ ಚೆನ್ನಾಗಿಯೇ ಇದೆ, ಆದರೆ ಅದೇ ಬೆಳೆಯನ್ನು ಮತ್ತೆ ನಾಟಿ ಮಾಡಲು ಹೋದರೆ ಆ ತಳಿಯ ಸಸಿಯನ್ನು ನರ್ಸರಿಯವರು ಈಗ ಕೊಡುತ್ತಿಲ್ಲ, ಯಾವ ತಳಿ ಎಂದು ನಾವು ಬರೆದಿಟ್ಟುಕೊಂಡಿರಲೂ ಇಲ್ಲ ಎಂದರು. ವ್ಯವಸ್ಥಾಪಕರು ಅದಕ್ಕೆ ಮತ್ತೇನೂ ಕೇಳಲಿಲ್ಲ, ಎಷ್ಟು ದಿನ ಹಿಡಿಯುತ್ತದೆ ಎಂದಷ್ಟೇ ಕೇಳಿದರು.

ಮೊದಲ ಪ್ರಯತ್ನಗಳು

ತಂಡ ಮೊದಲು ಹಿಡಿದದ್ದು ಎಲ್ಲರೂ ಹಿಡಿಯುವ ದಾರಿಯನ್ನು: ಎದುರಿಗೆ ಬಂದ ದೋಷಕ್ಕೆ ಅಂತರ್ಜಾಲದಲ್ಲಿ ಸಿಕ್ಕ ಪರಿಹಾರ ಹಚ್ಚುವುದು, ಮುಂದಿನ ದೋಷ ಬಂದರೆ ಅದಕ್ಕೆ ಇನ್ನೊಂದು. ಪೈಥಾನ್‌ಗೆ ಸೆಟಪ್‌ಟೂಲ್ಸ್ ಪ್ಯಾಕೇಜನ್ನು ಸೇರಿಸಿದಾಗ ಡಿಸ್ಟ್‌ಯುಟಿಲ್ಸ್‌ನ ದೋಷ ಹೋಯಿತು, ಏಕೆಂದರೆ ಸೆಟಪ್‌ಟೂಲ್ಸ್ ತನ್ನೊಳಗೆ ಅದರ ಒಂದು ಪ್ರತಿಯನ್ನು ಇಟ್ಟುಕೊಂಡಿದೆ. ಕಂಪೈಲ್ ಶುರುವಾಯಿತು, ಸಿ++17 ಅಥವಾ ಅದರ ನಂತರದ ಮಾನಕ ಬೇಕೆಂದು ನೋಡ್ 20ರ ಹೆಡರ್ ಫೈಲುಗಳು ತಡೆದವು. ಆಗ ನೋಡ್-ಸಾಸ್ ಅನ್ನೇ ಹೊಸ ಆವೃತ್ತಿಗೆ ಏರಿಸಲಾಯಿತು. ಅದರ ಜೊತೆಗಿದ್ದ ಸಾಸ್-ಲೋಡರ್ ತನಗೆ ಆ ಆವೃತ್ತಿ ಹೊಂದುವುದಿಲ್ಲವೆಂದಿತು. ಸಾಸ್-ಲೋಡರ್ ಅನ್ನು ಏರಿಸಿದರೆ ಎನ್‌ಪಿಎಂ (ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳನ್ನು ಇಳಿಸುವ ಸಾಧನ) ಪರಸ್ಪರ ಹೊಂದದ ಡಿಪೆಂಡೆನ್ಸಿಗಳ, ಅಂದರೆ ಅವಲಂಬಿಸಿದ ಲೈಬ್ರರಿಗಳ, ಉದ್ದನೆಯ ಪಟ್ಟಿಯನ್ನು ಮುಂದಿಟ್ಟಿತು.

ಈ ಹಂತದಲ್ಲಿ ಕಿರಿಯ ಇಂಜಿನಿಯರ್ ಲಾಕ್ ಫೈಲನ್ನು ಅಳಿಸಿದ. ಇದು ಪ್ರಕರಣದ ಮೊದಲ ತಿರುವು. ಲಾಕ್ ಫೈಲ್ ಎಂದರೆ ಅಪ್ಲಿಕೇಶನ್ ನೇರವಾಗಿ ಬಳಸುವ ಲೈಬ್ರರಿಗಳು ಮತ್ತು ಆ ಲೈಬ್ರರಿಗಳು ಬಳಸುವ ಇತರ ಲೈಬ್ರರಿಗಳು, ಎಲ್ಲದರ ನಿಖರ ಆವೃತ್ತಿಯ ದಾಖಲೆ. ಅದು ಇಲ್ಲವಾದಾಗ ಉಳಿಯುವುದು ಪ್ಯಾಕೇಜ್ ಫೈಲಿನಲ್ಲಿ ಬರೆದ ಸಡಿಲ ಮಿತಿಗಳು ಮಾತ್ರ. ಆವೃತ್ತಿಯ ಸಂಖ್ಯೆಗೆ ಮೊದಲು ಹಾಕುವ ಆ ಸಣ್ಣ ಮೇಲ್ಮುಖ ಚಿಹ್ನೆ (^), 'ಇದೇ ಮುಖ್ಯ ಆವೃತ್ತಿಯೊಳಗೆ ಇಂದು ಸಿಗುವ ಅತಿ ಹೊಸದನ್ನು ತಾ' ಎಂದು ಎನ್‌ಪಿಎಂಗೆ ಹೇಳುತ್ತದೆ. ಹೀಗೆ ಒಂದೇ ಏಟಿಗೆ ನೂರಾರು ಪ್ಯಾಕೇಜ್‌ಗಳು ನಾಲ್ಕು ವರ್ಷಗಳಷ್ಟು ಮುಂದಕ್ಕೆ ಜಿಗಿದವು. ಡಿಪೆಂಡೆನ್ಸಿ ಜಗಳವನ್ನು ಕಡೆಗಣಿಸುವ ಎನ್‌ಪಿಎಂ ಆಯ್ಕೆಯನ್ನೂ ಸೇರಿಸಲಾಯಿತು. ಕೊನೆಯದಾಗಿ, ಕೋಡ್ ಫೈಲುಗಳನ್ನು ಒಟ್ಟುಗೂಡಿಸುವ ವೆಬ್‌ಪ್ಯಾಕ್ 4 ಎಡವಿತು. ಅದು ಫೈಲುಗಳ ಗುರುತಿಗಾಗಿ ಎಂಡಿ4 ಎಂಬ ಹಳೆಯ ಹ್ಯಾಶ್ (ಒಳಗಿನ ವಸ್ತುವಿನಿಂದ ಗುರುತು ಲೆಕ್ಕಹಾಕುವ) ವಿಧಾನವನ್ನು ಬಳಸುತ್ತದೆ. 2021ರ ಅಕ್ಟೋಬರ್‌ನಲ್ಲಿ ಬಂದ ನೋಡ್ 17ರಿಂದ ಗೂಢಲಿಪಿ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್ 3 ಸೇರಿಕೊಂಡಿದ್ದು, ಅದರಲ್ಲಿ ಎಂಡಿ4 ಸಾಮಾನ್ಯ ಬಳಕೆಯಿಂದ ಹೊರಗಿದೆ. ಹಳೆಯ ವಿಧಾನಗಳಿಗೆ ಮತ್ತೆ ಅವಕಾಶ ಕೊಡುವ ಪರಿಸರ ಚರಾಂಶವೊಂದನ್ನು (ಪ್ರೋಗ್ರಾಂಗೆ ಹೊರಗಿನಿಂದ ಕೊಡುವ ಸೆಟ್ಟಿಂಗ್) ಹಾಕಿದ ಮೇಲೆ ಬಿಲ್ಡ್ ಹಸಿರಾಯಿತು.

ಹಸಿರು ಕಂಡ ಕೂಡಲೇ ಅದನ್ನು ಸರ್ವರ್‌ಗೆ ಏರಿಸದೆ, ಪರೀಕ್ಷೆಗೆಂದು ಇಟ್ಟಿದ್ದ ಪ್ರತ್ಯೇಕ ವಿಳಾಸಕ್ಕೆ ಮಾತ್ರ ಹಾಕಿ ರೈತ ಕಂಪನಿಯ ಕಚೇರಿಗೆ ತೋರಿಸಬೇಕೆಂದು ಹಿರಿಯ ಇಂಜಿನಿಯರ್ ಹಟ ಹಿಡಿದರು. ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ನಷ್ಟ ತಪ್ಪಿಸಿದ ನಿರ್ಧಾರ ಅದೇ.

ಕಚೇರಿಯಲ್ಲಿ ಲೆಕ್ಕ ನೋಡಿಕೊಳ್ಳುವ ಮಹಿಳೆ ಹೊಸ ಸಾಲು ಬಂದಿದೆಯೇ ಎಂದು ನೋಡುವುದಕ್ಕಷ್ಟೇ ನಿಲ್ಲಿಸಲಿಲ್ಲ. ಹಿಂದಿನ ಹಂಗಾಮಿನ ಹಳೆಯ ಚೀಟಿಯೊಂದನ್ನು ಕಡತದಿಂದ ತೆಗೆದು, ಅದೇ ಅಂಕಿಗಳನ್ನು ಹೊಸದರಲ್ಲಿ ತುಂಬಿದರು. ತೂಕ 412.5 ಕೆ.ಜಿ., 15 ಕೆ.ಜಿ.ಯ ಬಾಕ್ಸ್‌ಗೆ ದರ 330 ರೂಪಾಯಿ. ಹಳೆಯ ಚೀಟಿಯಲ್ಲಿ ಒಟ್ಟು ಮೊತ್ತ 9,075 ರೂಪಾಯಿ ಇದ್ದರೆ ಹೊಸದರಲ್ಲಿ 9,086 ರೂಪಾಯಿ ಬಂತು. "ಮೇಡಂ, ಠೇವಣಿ ಸೇರಿರಬೇಕು ನೋಡಿ" ಎಂದು ಕಿರಿಯ ಇಂಜಿನಿಯರ್ ಹೇಳಿದಾಗ, ಠೇವಣಿಯ ಸಾಲು ಸೊನ್ನೆ ಇದೆ ಎಂದು ಅವರು ಬೆರಳಿಟ್ಟು ತೋರಿಸಿದರು. ಹನ್ನೊಂದು ರೂಪಾಯಿಯ ಮೂಲ ಹುಡುಕಿದಾಗ ಸಿಕ್ಕದ್ದು ಅಂಕಿ ತುಂಬುವ ಪೆಟ್ಟಿಗೆಗೆ ಬಳಸಿದ್ದ ಒಂದು ಚಿಕ್ಕ ಲೈಬ್ರರಿ. ದಶಮಾಂಶ ಸ್ಥಾನ ಎಷ್ಟೆಂದು ಹೇಳದಿದ್ದಾಗ ಅದರ ಹಳೆಯ ಆವೃತ್ತಿ ಅಂಕಿಯನ್ನು ಇದ್ದಂತೆಯೇ ಬಿಡುತ್ತಿತ್ತು, ಹೊಸ ಆವೃತ್ತಿ ಪೂರ್ಣಾಂಕಕ್ಕೆ ಸುತ್ತುತ್ತಿತ್ತು. 412.5 ಎಂಬುದು ಗುಣಾಕಾರಕ್ಕೆ ಮೊದಲೇ 413 ಆಗಿತ್ತು.

ಕೆಂಪು ಬಿಲ್ಡ್ ಕೆಲಸವನ್ನು ನಿಲ್ಲಿಸುತ್ತದೆ ಅಷ್ಟೇ. ಈ ಹಸಿರು ಬಿಲ್ಡ್ ಸರ್ವರ್ ಸೇರಿದ್ದರೆ, ಹಂಗಾಮಿನ ನಡುವೆ ದಿನಕ್ಕೆ ನೂರಾರು ಚೀಟಿಗಳಲ್ಲಿ ಒಬ್ಬರಿಗೆ ಹತ್ತು ರೂಪಾಯಿ ಹೆಚ್ಚು, ಇನ್ನೊಬ್ಬರಿಗೆ ಹತ್ತು ರೂಪಾಯಿ ಕಡಿಮೆ ಬರೆಯುತ್ತಿತ್ತು. ಶಾಶ್ವತ ನದಿಯಿಲ್ಲದ ಜಿಲ್ಲೆಯಲ್ಲಿ ಆಳದ ಕೊಳವೆಬಾವಿಯ ನೀರಿಗೆ ಬೆಳೆ ತೆಗೆಯುವ ರೈತರು ಮಂಡಿಯ ಲೆಕ್ಕವನ್ನು ನಂಬದೆ ಈ ಕಂಪನಿ ಕಟ್ಟಿಕೊಂಡವರು. ಅವರಿಗೆ ಚೀಟಿಯ ಮೇಲಿನ ನಂಬಿಕೆಯೇ ಕಂಪನಿ.

ಎರಡು ಕೆಲಸಗಳನ್ನು ಬೇರ್ಪಡಿಸಿದ್ದು

ಆ ದಿನ ಸಂಜೆ ನಾವು ಕೂತು ಮಾತಾಡಿದಾಗ ನಾನು ಒತ್ತಿ ಹೇಳಿದ ವಿಷಯ ಒಂದೇ. ಹಳೆಯ ಸ್ಥಿತಿಯನ್ನು ಹಾಗೆಯೇ ಮತ್ತೆ ಕಟ್ಟಲು ಸಾಧ್ಯವಾಗಿಸುವುದು ಒಂದು ಕೆಲಸ, ಹೊಸ ಆವೃತ್ತಿಗಳಿಗೆ ಹೋಗುವುದು ಬೇರೆ ಕೆಲಸ. ಇವೆರಡನ್ನೂ ಒಟ್ಟಿಗೆ ಮಾಡಹೊರಟರೆ, ಕಾಣಿಸಿಕೊಂಡ ದೋಷ ಯಾವುದರಿಂದ ಬಂತು ಎಂದು ಹೇಳಲು ಯಾರಿಂದಲೂ ಆಗುವುದಿಲ್ಲ. ಅದುವರೆಗೆ ಮಾಡಿದ್ದೆಲ್ಲ ಇದ್ದ ಬ್ರಾಂಚನ್ನು (ಕೋಡ್‌ನ ಪ್ರತ್ಯೇಕ ಕವಲು) ಬದಿಗಿಟ್ಟು, ಹಿಂದಿನ ಹಂಗಾಮಿನ ಕೊನೆಯ ಕಮಿಟ್‌ಗೆ, ಅಂದರೆ ಆಗ ದಾಖಲಾಗಿದ್ದ ಕೋಡ್‌ನ ಸ್ಥಿತಿಗೆ, ಹಿಂತಿರುಗಲು ತೀರ್ಮಾನಿಸಲಾಯಿತು. ಇಷ್ಟು ದೂರ ಬಂದ ಮೇಲೆ ಹಿಂದಕ್ಕೆ ಹೋಗುವುದು ತಂಡಕ್ಕೆ ಸುಲಭವಾಗಿರಲಿಲ್ಲ. ಹಸಿರಾಗಿದ್ದ ಬಿಲ್ಡ್‌ನಲ್ಲಿ ಆ ಒಂದು ಲೈಬ್ರರಿಯನ್ನಷ್ಟೇ ಹಿಂದಕ್ಕೆ ತಂದರೆ ಸಾಲದೇ ಎಂಬ ವಾದವೂ ಬಂತು. ಜಿಗಿದ ನೂರಾರು ಪ್ಯಾಕೇಜ್‌ಗಳಲ್ಲಿ ನಮ್ಮ ಕಣ್ಣಿಗೆ ಬಿದ್ದದ್ದು ಒಂದು ಮಾತ್ರ ಎಂಬುದೇ ಆ ವಾದಕ್ಕೆ ಉತ್ತರವಾಗಿತ್ತು.

ಪರದೆಯ ಭಾಗ ಬೇಗನೆ ಸರಿಹೋಯಿತು. ಲಾಕ್ ಫೈಲ್, ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನ ಇತಿಹಾಸದಲ್ಲಿ ಭದ್ರವಾಗಿತ್ತು. ನೋಡ್ 16ರ ಕಂಟೇನರ್ ಇಮೇಜ್, ಅಂದರೆ ಬೇಕಾದ ಆವೃತ್ತಿಗಳನ್ನು ಒಳಗಿಟ್ಟುಕೊಂಡ ಸಿದ್ಧ ಪರಿಸರ, ಇಂದಿಗೂ ಸಿಗುತ್ತದೆ. ಬಿಲ್ಡ್ ಅನ್ನು ಸೇವೆಯ ಯಂತ್ರದ ಮೇಲೆ ನೇರವಾಗಿ ಓಡಿಸುವ ಬದಲು ಆ ಕಂಟೇನರ್‌ನೊಳಗೆ ಓಡಿಸಿ, 'ಎನ್‌ಪಿಎಂ ಇನ್‌ಸ್ಟಾಲ್' ಇದ್ದ ಕಡೆ 'ಎನ್‌ಪಿಎಂ ಸಿಐ' ಬರೆಯಲಾಯಿತು. ಎರಡನೆಯದು ಲಾಕ್ ಫೈಲಿನಲ್ಲಿ ಇರುವುದನ್ನಷ್ಟೇ ಹಾಕುತ್ತದೆ, ಪ್ಯಾಕೇಜ್ ಫೈಲಿಗೂ ಲಾಕ್ ಫೈಲಿಗೂ ತಾಳೆಯಾಗದಿದ್ದರೆ ತಾನಾಗಿ ಸರಿಪಡಿಸಲು ಹೋಗದೆ ನಿಂತುಬಿಡುತ್ತದೆ. ನೋಡ್ 16 ಇದ್ದುದರಿಂದ ನೋಡ್-ಸಾಸ್‌ನ ಬೈನರಿ ಇಳಿಯಿತು, ಕಂಪೈಲ್‌ನ ಮಾತೇ ಬರಲಿಲ್ಲ; ಓಪನ್‌ಎಸ್‌ಎಸ್‌ಎಲ್ 1.1.1 ಇದ್ದುದರಿಂದ ವೆಬ್‌ಪ್ಯಾಕ್ 4 ಕೂಡ ಸುಮ್ಮನೆ ಓಡಿತು. ಬಿಲ್ಡ್ ಮುಗಿದ ಮೇಲೆ ಹಿರಿಯ ಇಂಜಿನಿಯರ್ ಒಂದು ಒಳ್ಳೆಯ ಪರೀಕ್ಷೆ ಮಾಡಿದರು. ವೆಬ್‌ಪ್ಯಾಕ್ ಪ್ರತಿ ಫೈಲಿನ ಹೆಸರಿನಲ್ಲಿ ಅದರ ಒಳಗಿನ ವಸ್ತುವಿನಿಂದಲೇ ಲೆಕ್ಕಹಾಕಿದ ಗುರುತೊಂದನ್ನು ಸೇರಿಸುತ್ತದೆ. ಸರ್ವರ್‌ನಲ್ಲಿದ್ದ ಹಳೆಯ ಫೈಲುಗಳ ಹೆಸರಿನ ಪಕ್ಕದಲ್ಲಿ ಹೊಸ ಬಿಲ್ಡ್‌ನ ಹೆಸರುಗಳನ್ನಿಟ್ಟು ನೋಡಿದಾಗ ಎಲ್ಲ ಗುರುತುಗಳೂ ಅಕ್ಷರಕ್ಕೆ ಅಕ್ಷರ ತಾಳೆಯಾದವು. ರೈತರು ಬಳಸುತ್ತಿದ್ದದ್ದನ್ನೇ ಮತ್ತೆ ಕಟ್ಟಿದ್ದೇವೆ ಎನ್ನಲು ಅದಕ್ಕಿಂತ ಗಟ್ಟಿ ಸಾಕ್ಷ್ಯ ಬೇಕಿರಲಿಲ್ಲ.

ಸರ್ವರ್ ಭಾಗದಲ್ಲಿ ಲಾಕ್ ಫೈಲ್ ಎಂಬುದೇ ಇರಲಿಲ್ಲ. ಅಗತ್ಯಗಳ ಪಟ್ಟಿಯಲ್ಲಿ ಫ್ಲಾಸ್ಕ್‌ನ ಆವೃತ್ತಿಯನ್ನು ಕಟ್ಟಿಹಾಕಿದ್ದರು, ಆದರೆ ಫ್ಲಾಸ್ಕ್ ತಾನು ಅವಲಂಬಿಸುವ ಜಿಂಜಾ, ವರ್ಕ್‌ಝೋಯ್ಗ್, ಇಟ್ಸ್‌ಡೇಂಜರಸ್ ಎಂಬ ಲೈಬ್ರರಿಗಳ ಆವೃತ್ತಿಯ ಮೇಲ್ಮಿತಿಯನ್ನು ಕಟ್ಟಿರಲಿಲ್ಲ. 2022ರ ಮಾರ್ಚ್‌ನಲ್ಲಿ ಬಂದ ಜಿಂಜಾ 3.1ರಲ್ಲಿ 'ಎಸ್ಕೇಪ್' ಎಂಬ ಫಂಕ್ಷನ್ ಹಳೆಯ ಜಾಗದಲ್ಲಿ ಇಲ್ಲ, ಫ್ಲಾಸ್ಕ್ 1.1 ಅದನ್ನು ಅಲ್ಲಿಂದಲೇ ತರಿಸಿಕೊಳ್ಳಲು ನೋಡುತ್ತದೆ. ಹೊಸದಾಗಿ ಅನುಸ್ಥಾಪಿಸಿದರೆ ಅಪ್ಲಿಕೇಶನ್ ಏಳುವುದೇ ಇಲ್ಲ. ಹಾಗಿದ್ದರೆ ಹಿಂದಿನ ಹಂಗಾಮಿನವರೆಗೆ ಬಿಲ್ಡ್ ಹೇಗೆ ನಡೆಯುತ್ತಿತ್ತು? ಬಿಲ್ಡ್ ಸೇವೆಯಲ್ಲಿ ಉಳಿಸಿಟ್ಟಿದ್ದ ಕ್ಯಾಶ್‌ನಿಂದ, ಅಂದರೆ ಮರುಬಳಕೆಗೆಂದು ಇಟ್ಟಿದ್ದ ಪ್ರತಿಗಳಿಂದ. ಪಟ್ಟಿ ಬದಲಾಗದಿರುವ ತನಕ 2021ರಲ್ಲಿ ಇಳಿಸಿಕೊಂಡ ಪ್ಯಾಕೇಜ್‌ಗಳೇ ಮತ್ತೆ ಮತ್ತೆ ಬಳಕೆಯಾಗುತ್ತಿದ್ದವು. ತಿಂಗಳುಗಟ್ಟಲೆ ಬಿಲ್ಡ್ ಓಡದಿದ್ದಾಗ ಆ ಕ್ಯಾಶ್ ಅಳಿದುಹೋಯಿತು. ವೇಗಕ್ಕೆಂದು ಹಾಕಿದ ಕ್ಯಾಶ್ ಅಷ್ಟು ವರ್ಷ ಪಟ್ಟಿಯ ಕೊರತೆಯನ್ನು ಮುಚ್ಚಿಟ್ಟಿತ್ತು, ಇದನ್ನು ನಾನು ಬೇರೆ ತಂಡಗಳಲ್ಲೂ ಕಂಡಿದ್ದೇನೆ.

ಹೊಂದುವ ಆವೃತ್ತಿಗಳನ್ನು ಊಹಿಸುತ್ತ ಕೂರುವ ಅಗತ್ಯ ಇರಲಿಲ್ಲ. ಸರಿಯಾಗಿ ಓಡುತ್ತಿದ್ದ ಒಂದು ಪ್ರತಿ ಸರ್ವರ್‌ನಲ್ಲೇ ಇತ್ತು. ಅದರೊಳಗೆ ಹೋಗಿ 'ಪಿಪ್ ಫ್ರೀಜ್' ಎಂಬ ಆದೇಶ ಕೊಟ್ಟಾಗ ಅಲ್ಲಿ ನಾಲ್ಕು ವರ್ಷದಿಂದ ಓಡುತ್ತಿದ್ದ ಪ್ರತಿಯೊಂದು ಪ್ಯಾಕೇಜ್‌ನ ನಿಖರ ಆವೃತ್ತಿ ಒಂದು ಪಟ್ಟಿಯಾಗಿ ಸಿಕ್ಕಿತು. ಆ ಪಟ್ಟಿಯನ್ನು ರೆಪೊಸಿಟರಿಗೆ ಸೇರಿಸಿ, ಪೈಥಾನ್ 3.8ರ ಕಂಟೇನರ್‌ನಲ್ಲಿ ಹೊಸದಾಗಿ ಅನುಸ್ಥಾಪಿಸಿದಾಗ ಟೆಸ್ಟ್‌ಗಳು ನಡೆದವು. ಯಾರಾದರೂ ಸರ್ವರ್‌ನಲ್ಲಿ 'ಎಲ್ಲವನ್ನೂ ಅಪ್‌ಡೇಟ್ ಮಾಡಿ ನೋಡೋಣ' ಎಂದು ಮೊದಲೇ ಕೈಹಾಕಿದ್ದರೆ ಈ ದಾಖಲೆಯೂ ಕಳೆದುಹೋಗುತ್ತಿತ್ತು. ಇಂಥ ಸ್ಥಿತಿಯಲ್ಲಿರುವ ಯಾವುದೇ ತಂಡಕ್ಕೆ ನಾನು ಮೊದಲು ಹೇಳುವುದು ಇದನ್ನೇ: ಬೇರೇನನ್ನೂ ಮುಟ್ಟುವ ಮುನ್ನ ಓಡುತ್ತಿರುವ ಸರ್ವರ್‌ನಿಂದ ಆವೃತ್ತಿಗಳ ಪಟ್ಟಿ ತೆಗೆದಿಟ್ಟುಕೊಳ್ಳಿ.

ಹೀಗೆ ಮರಳಿ ಕಟ್ಟಿದ ನೆಲೆಯ ಮೇಲೆ ಠೇವಣಿಯ ಸಾಲನ್ನು ಸೇರಿಸಿ, ಅದೇ 412.5 ಕೆ.ಜಿ.ಯ ಚೀಟಿ 9,075 ರೂಪಾಯಿ ತೋರಿಸುವುದನ್ನು ಲೆಕ್ಕದ ಮೇಡಂ ಒಪ್ಪಿದ ಮೇಲೆ ಬದಲಾವಣೆ ಜಾರಿಯಾಯಿತು. ಆವಕ ಏರುವುದಕ್ಕೆ ಇನ್ನೂ ಸಮಯವಿತ್ತು.

ಹಳೆಯದರ ಮೇಲೆ ಹಂಗಾಮು ಕಳೆಯಬಹುದೇ?

ಇಲ್ಲಿ ತಂಡದೊಳಗೆ ನಿಜವಾದ ಭಿನ್ನಾಭಿಪ್ರಾಯ ಬಂತು. ನೋಡ್ 16ಕ್ಕೆ ಬೆಂಬಲ 2023ರ ಸೆಪ್ಟೆಂಬರ್ 11ರಂದೇ ಮುಗಿದಿದೆ, ಓಪನ್‌ಎಸ್‌ಎಸ್‌ಎಲ್ 1.1.1ರ ಬೆಂಬಲ ಅದೇ ದಿನ ಮುಗಿಯುತ್ತಿದ್ದುದರಿಂದ ಅದರ ಗಡುವನ್ನು ಹಾಗೆ ಹೊಂದಿಸಲಾಗಿತ್ತು. ಪೈಥಾನ್ 3.8ರ ಬೆಂಬಲ 2024ರ ಅಕ್ಟೋಬರ್‌ನಲ್ಲಿ ಮುಗಿಯಿತು. ಇಷ್ಟು ಹಳೆಯದನ್ನು ಉದ್ದೇಶಪೂರ್ವಕವಾಗಿ ಕಟ್ಟಿಹಾಕುವುದು ಹೊಣೆಗೇಡಿತನ ಎಂಬುದು ಒಬ್ಬರ ನಿಲುವು. ಹಂಗಾಮಿನ ನಡುವೆ ಕೈಹಾಕುವುದೇ ಹೆಚ್ಚು ಅಪಾಯ ಎಂಬುದು ಇನ್ನೊಬ್ಬರದು. ಇಬ್ಬರ ಮಾತಿನಲ್ಲೂ ಹುರುಳಿತ್ತು, ಆದರೆ ಇಬ್ಬರೂ ಹಳೆಯ ಸಾಮಗ್ರಿಯನ್ನೆಲ್ಲ ಒಂದೇ ರಾಶಿಯಾಗಿ ನೋಡುತ್ತಿದ್ದರು.

ಯಾವ ಹಳೆಯ ವಸ್ತು ಎಲ್ಲಿ ಓಡುತ್ತದೆ ಎಂದು ವಿಂಗಡಿಸಿದಾಗ ದಾರಿ ಕಂಡಿತು. ನೋಡ್ 16, ನೋಡ್-ಸಾಸ್, ವೆಬ್‌ಪ್ಯಾಕ್ 4, ಇವು ಬಿಲ್ಡ್ ಯಂತ್ರದಲ್ಲಿ ಕೆಲವು ನಿಮಿಷ ಓಡಿ ಮಾಯವಾಗುವಂಥವು. ರೈತ ಕಂಪನಿಯ ಬ್ರೌಸರ್‌ಗೆ ತಲುಪುವ ಫೈಲುಗಳಲ್ಲಿ ನೋಡ್ ಇರುವುದಿಲ್ಲ. ಅಲ್ಲಿನ ಅಪಾಯವೆಂದರೆ ಬಿಲ್ಡ್ ಯಂತ್ರದಲ್ಲಿ ಇಟ್ಟಿದ್ದ ಸರ್ವರ್‌ನ ಕೀಲಿ. ಪ್ಯಾಕೇಜ್‌ಗಳನ್ನು ಇಳಿಸಿ ಕಟ್ಟುವ ಹಂತವನ್ನೂ ಸರ್ವರ್‌ಗೆ ತಲುಪಿಸುವ ಹಂತವನ್ನೂ ಬೇರೆ ಮಾಡಿ, ಮೊದಲ ಹಂತಕ್ಕೆ ಕೀಲಿ ಕಾಣದಂತೆ ಮಾಡಲಾಯಿತು. ಫ್ಲಾಸ್ಕ್, ವರ್ಕ್‌ಝೋಯ್ಗ್, ಪೈಥಾನ್ 3.8ರ ಕಥೆ ಬೇರೆ. ಇವು ಹಗಲೂ ರಾತ್ರಿ ಅಂತರ್ಜಾಲಕ್ಕೆ ಮುಖ ಮಾಡಿ ನಿಂತಿರುವಂಥವು. ಆದ್ದರಿಂದ ಬಿಲ್ಡ್ ನಿಲ್ಲಿಸಿದ್ದು ಪರದೆಯ ಭಾಗವಾದರೂ ಮೊದಲು ಏರಿಸಬೇಕಾದದ್ದು ಸರ್ವರ್ ಭಾಗ ಎಂಬ ತೀರ್ಮಾನಕ್ಕೆ ಬರಲಾಯಿತು. ಹೆಚ್ಚು ಗದ್ದಲ ಮಾಡಿದ್ದೇ ಹೆಚ್ಚು ತುರ್ತಿನದು ಎಂದು ಭಾವಿಸದೆ ಈ ಸರದಿಯನ್ನು ಆರಿಸಿದ್ದಕ್ಕೆ ಹಿರಿಯ ಇಂಜಿನಿಯರ್‌ಗೆ ಪೂರ್ಣ ಶ್ರೇಯ ಸಲ್ಲಬೇಕು.

ಮೇಲೇರಿದ ಕ್ರಮ

ಏರುವುದಕ್ಕೆ ಮೊದಲು ಹಿಡಿದುಕೊಳ್ಳಲು ಏನಾದರೂ ಬೇಕಿತ್ತು. ರೈತ ಕಂಪನಿಯ ಕಡತದಿಂದ ಹಿಂದಿನ ವರ್ಷಗಳ ಚೀಟಿಗಳನ್ನು ಆಯ್ದು, ರೈತರ ಹೆಸರು, ಖಾತೆ ವಿವರಗಳನ್ನು ತೆಗೆದು, ಪ್ರತಿ ಚೀಟಿಯ ತೂಕ, ದರ, ಕಡಿತಗಳನ್ನು ಒಳಗೆ ಕೊಟ್ಟರೆ ಅದೇ ಮೊತ್ತ ಹೊರಗೆ ಬರಬೇಕೆಂಬ ಟೆಸ್ಟ್‌ಗಳನ್ನು ಬರೆಯಲಾಯಿತು. ಯಾವ ಚೀಟಿಗಳು ಬೇಕೆಂದು ಆರಿಸಿದ್ದು ಲೆಕ್ಕದ ಮೇಡಂ. ಅರ್ಧ ಕಿಲೋ ತೂಕ, ದರ ನಡುವೆ ಬದಲಾದ ದಿನ, ಕಡಿತವೇ ಮೊತ್ತಕ್ಕಿಂತ ಹೆಚ್ಚಾದ ಚೀಟಿ, ಹೀಗೆ ಜಗಳಕ್ಕೆ ಕಾರಣವಾಗಿದ್ದನ್ನೆಲ್ಲ ಅವರು ನೆನಪಿನಿಂದಲೇ ಹೇಳಿದರು. ಇಂಜಿನಿಯರ್‌ಗಳು ತಾವೇ ಕೂತು ಯೋಚಿಸಿ ಬರೆದಿದ್ದರೆ ಇವುಗಳಲ್ಲಿ ಅರ್ಧವೂ ಹೊಳೆಯುತ್ತಿರಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಫ್ಲಾಸ್ಕ್ ಅನ್ನು 1.1ರಿಂದ 2ಕ್ಕೆ, ಅಲ್ಲಿಂದ 3ಕ್ಕೆ ಏರಿಸಲಾಯಿತು. ಮಧ್ಯದ ಮೆಟ್ಟಿಲಿನಲ್ಲಿ ನಿಂತದ್ದಕ್ಕೆ ಕಾರಣವಿದೆ: ಮುಂದೆ ತೆಗೆದುಹಾಕುವುದನ್ನು ಈ ಲೈಬ್ರರಿಗಳು ಅದಕ್ಕೆ ಮುಂಚಿನ ಆವೃತ್ತಿಯಲ್ಲಿ ಎಚ್ಚರಿಕೆಯಾಗಿ ಮುದ್ರಿಸುತ್ತವೆ. ನೇರವಾಗಿ ಜಿಗಿದವರಿಗೆ ಸಿಗುವುದು ದೋಷ, ಮೆಟ್ಟಿಲು ಹತ್ತಿದವರಿಗೆ ಏನು ಬದಲಿಸಬೇಕೆಂಬ ಸೂಚನೆಯೇ ಸಿಗುತ್ತದೆ. ಎಚ್ಚರಿಕೆ ಕಂಡರೆ ಟೆಸ್ಟ್ ವಿಫಲವಾಗುವಂತೆ ಪೈಥಾನ್‌ಗೆ ಹೇಳಿ, ಎಲ್ಲ ಎಚ್ಚರಿಕೆಗಳೂ ಹೋದ ಮೇಲೆ ಮುಂದಿನ ಮೆಟ್ಟಿಲಿಗೆ ಕಾಲಿಡಲಾಯಿತು.

ಪರದೆಯ ಭಾಗವನ್ನು ಹಂಗಾಮು ಇಳಿದ ಮೇಲೆ ಕೈಗೆತ್ತಿಕೊಂಡರು. ಲಿಬ್‌ಸಾಸ್ ಅನ್ನು ಕೈಬಿಡುವುದಾಗಿ ಅದರ ನಿರ್ವಾಹಕರು 2020ರ ಅಕ್ಟೋಬರ್‌ನಲ್ಲೇ ಪ್ರಕಟಿಸಿದ್ದರು. ಅಂದರೆ ಈ ಅಪ್ಲಿಕೇಶನ್ ಬರೆಯುವ ಹೊತ್ತಿಗೇ ಅದು ಹಳೆಯ ದಾರಿಯಾಗಿತ್ತು. ಅದರ ಜಾಗಕ್ಕೆ ಡಾರ್ಟ್ ಸಾಸ್ ಬಂತು. ಇದಕ್ಕೆ ಕಂಪೈಲರ್ ಬೇಡ, ಪೈಥಾನ್ ಬೇಡ, ನೋಡ್‌ನ ಆವೃತ್ತಿಗೆ ತಕ್ಕ ಬೈನರಿಯೂ ಬೇಡ. ಹಳೆಯ ಶೈಲಿ ಫೈಲುಗಳಲ್ಲಿ ಒಳಗಿನ ಘಟಕಗಳನ್ನು ತಲುಪಲು ಬಳಸಿದ್ದ 'ಡೀಪ್' ಎಂಬ ಹಳೆಯ ಬರಹವನ್ನು ಅದು ಒಪ್ಪುವುದಿಲ್ಲ, ಅವನ್ನೆಲ್ಲ ತಿದ್ದಬೇಕಾಯಿತು. ನಂತರ ವ್ಯೂ ಅಪ್ಲಿಕೇಶನ್ ಕಟ್ಟುವ ಸಾಧನವಾದ ವ್ಯೂ ಸಿಎಲ್‌ಐ 4ರಿಂದ 5ಕ್ಕೆ ಹೋದಾಗ ವೆಬ್‌ಪ್ಯಾಕ್ 5 ತಾನಾಗಿ ಬಂತು. ಆಮೇಲೆ ನೋಡ್ 16ರಿಂದ 22ಕ್ಕೆ ಹೋಗುವುದು ಕಂಟೇನರ್‌ನ ಹೆಸರು ಬದಲಿಸುವಷ್ಟೇ ಕೆಲಸವಾಗಿ ಉಳಿಯಿತು. ಒಂದೊಂದು ಹಂತವೂ ಪ್ರತ್ಯೇಕ ಕಮಿಟ್, ಒಂದೊಂದಕ್ಕೂ ಚೀಟಿಗಳ ಟೆಸ್ಟ್, ಒಂದೊಂದೂ ಬೇರೆ ಬೇರೆ ದಿನ ಸರ್ವರ್‌ಗೆ. ಅಂಕಿಯನ್ನು ಸುತ್ತುತ್ತಿದ್ದ ಆ ಚಿಕ್ಕ ಲೈಬ್ರರಿಯನ್ನು ಏರಿಸಿದ ದಿನ ಟೆಸ್ಟ್ ಕೆಂಪಾಯಿತು, ದಶಮಾಂಶ ಸ್ಥಾನ ಎರಡು ಎಂದು ಸ್ಪಷ್ಟವಾಗಿ ಬರೆದಾಗ ಸರಿಯಾಯಿತು.

ಈಗಿನ ವ್ಯವಸ್ಥೆ

ಬದಲಾವಣೆ ಇರಲಿ ಬಿಡಲಿ, ಪ್ರತಿ ಸೋಮವಾರ ಬೆಳಿಗ್ಗೆ ಕ್ಯಾಶ್ ಇಲ್ಲದೆ ಒಂದು ಪೂರ್ಣ ಬಿಲ್ಡ್ ಓಡುತ್ತದೆ. ಇದು ಸರ್ವರ್‌ಗೆ ಏನನ್ನೂ ಕಳಿಸುವುದಿಲ್ಲ. ಇಂದು ಹೊಸದಾಗಿ ಕಟ್ಟಲು ಸಾಧ್ಯವೇ ಎಂಬ ಒಂದೇ ಪ್ರಶ್ನೆಗೆ ಉತ್ತರಿಸುತ್ತದೆ. ಯಂತ್ರದ ಹೆಸರಾಗಿ 'ಇತ್ತೀಚಿನದು' ಎಂಬುದನ್ನು ತೆಗೆದು ನಿರ್ದಿಷ್ಟ ಆವೃತ್ತಿಯನ್ನು ಬರೆಯಲಾಗಿದೆ, ಅದರ ಬೆಂಬಲ ಮುಗಿಯುವ ದಿನಾಂಕವನ್ನು ತಂಡದ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಲಾಗಿದೆ.

ಡಿಪೆಂಡೆನ್ಸಿಗಳ ಹೊಸ ಆವೃತ್ತಿಗಳನ್ನು ತಾನಾಗಿ ಪ್ರಸ್ತಾಪಿಸುವ ರೆನೊವೇಟ್ ಎಂಬ ಸಾಧನವನ್ನೂ ಹಾಕಿದರು. ಮೊದಲು ಹಾಕಿದಾಗ ಅದು ಪ್ರಸ್ತಾಪಗಳ ಮಳೆಯನ್ನೇ ಸುರಿಸಿತು, ತಂಡ ಓದುವುದನ್ನೇ ಬಿಟ್ಟಿತು. ಸಣ್ಣ ಬದಲಾವಣೆಗಳನ್ನು ತಿಂಗಳಿಗೊಮ್ಮೆ ಒಂದೇ ಗುಂಪಾಗಿ, ಮುಖ್ಯ ಆವೃತ್ತಿಗಳನ್ನು ಒಂದೊಂದಾಗಿ, ಭದ್ರತಾ ತಿದ್ದುಪಡಿಗಳನ್ನು ಕೂಡಲೇ ಎಂದು ವಿಂಗಡಿಸಿದ ಮೇಲೆ ಅದು ಉಪಯೋಗಕ್ಕೆ ಬಂತು. 2025ರ ಸೆಪ್ಟೆಂಬರ್‌ನಲ್ಲಿ ಎನ್‌ಪಿಎಂನ ಚಾಕ್, ಡೀಬಗ್ ಮುಂತಾದ ಬಹುಬಳಕೆಯ ಪ್ಯಾಕೇಜ್‌ಗಳ ನಿರ್ವಾಹಕರೊಬ್ಬರ ಖಾತೆಯನ್ನು ವಂಚನೆಯಿಂದ ವಶಪಡಿಸಿಕೊಂಡು ದುಷ್ಟ ಕೋಡ್ ಸೇರಿಸಿದ ಆವೃತ್ತಿಗಳನ್ನು ಪ್ರಕಟಿಸಲಾಯಿತು. ಅವುಗಳನ್ನು ಕೆಲವೇ ಗಂಟೆಗಳಲ್ಲಿ ಪತ್ತೆಹಚ್ಚಿ ತೆಗೆಯಲಾಯಿತು. ಅದಾದ ಮೇಲೆ ಬಿಡುಗಡೆಯಾಗಿ ಕೆಲವು ದಿನ ಕಳೆಯದ ಆವೃತ್ತಿಯನ್ನು ಪ್ರಸ್ತಾಪಿಸದಂತೆ ರೆನೊವೇಟ್‌ಗೆ ಹೇಳಲಾಗಿದೆ. ಹಳೆಯದಾಗಿ ಬಿಡುವುದೂ ಅಪಾಯ, ಬಿಡುಗಡೆಯಾದ ಗಳಿಗೆಯಲ್ಲೇ ತರುವುದೂ ಅಪಾಯ, ಲಾಕ್ ಫೈಲ್ ಇದ್ದರೆ ಮಾತ್ರ ಇವೆರಡರ ನಡುವೆ ತಂಡ ತನಗೆ ಬೇಕಾದ ವೇಗವನ್ನು ಆರಿಸಿಕೊಳ್ಳಬಹುದು.

ರೈತ ಕಂಪನಿಯೊಂದಿಗಿನ ಒಪ್ಪಂದವೂ ಬದಲಾಯಿತು. ಮೊದಲು ಕೇಳಿದ ಬದಲಾವಣೆಗೆ ಮಾತ್ರ ಹಣ ಎಂದಿತ್ತು, ಆದ್ದರಿಂದ ಯಾರೂ ಕೇಳದ ತಿಂಗಳುಗಳಲ್ಲಿ ಬಿಲ್ಡ್ ಅನ್ನು ನೋಡುವ ಹೊಣೆ ಯಾರದ್ದೂ ಆಗಿರಲಿಲ್ಲ. ಈಗ ನಿರ್ವಹಣೆಗೆಂದು ತಿಂಗಳಿಗೆ ಇಷ್ಟು ಗಂಟೆ ಎಂಬ ಪ್ರತ್ಯೇಕ ಬಾಬ್ತು ಇದೆ. ಆಡಳಿತ ಮಂಡಳಿಯ ಸಭೆಯಲ್ಲಿ ಇದಕ್ಕೆ ವಿರೋಧ ಬಂದಾಗ ವ್ಯವಸ್ಥಾಪಕರು 9,075 ಮತ್ತು 9,086 ಬರೆದಿದ್ದ ಎರಡು ಚೀಟಿಗಳನ್ನು ಮೇಜಿನ ಮೇಲಿಟ್ಟರಂತೆ.

ಬಾಕಿ ಉಳಿದಿರುವುದು ವ್ಯೂ 2. ಅದರ ಬೆಂಬಲ 2023ರ ಡಿಸೆಂಬರ್ 31ಕ್ಕೆ ಮುಗಿದಿದೆ, ಅದು ಓಡುವುದು ಬ್ರೌಸರ್‌ನಲ್ಲಿ, ಆದ್ದರಿಂದ ಬಿಲ್ಡ್ ಯಂತ್ರದ ವಾದ ಇದಕ್ಕೆ ಹೊಂದುವುದಿಲ್ಲ. ವ್ಯೂ 3ಕ್ಕೆ ಹೋಗುವುದೆಂದರೆ ಪರದೆಯ ಪ್ರತಿ ಪುಟವನ್ನೂ ಮುಟ್ಟುವ ಕೆಲಸ. ಚೀಟಿ ಮುದ್ರಿಸುವ ಪುಟವನ್ನು ಕೊನೆಗಿಟ್ಟು, ವರದಿಗಳ ಪುಟಗಳಿಂದ ಆರಂಭಿಸಿ, ಹಂಗಾಮಿಲ್ಲದ ತಿಂಗಳುಗಳಲ್ಲಿ ಮಾತ್ರ ಇದನ್ನು ಮಾಡಲು ತಂಡ ಯೋಜನೆ ಬರೆದಿದೆ. ವರದಿಗಳ ಮೊದಲ ಪುಟ ಈಗಾಗಲೇ ಪರೀಕ್ಷಾ ವಿಳಾಸದಲ್ಲಿದೆ, ಲೆಕ್ಕದ ಮೇಡಂ ಅದರಲ್ಲಿ ಕಂಡುಹಿಡಿದ ಎರಡು ತಪ್ಪುಗಳನ್ನು ತಿದ್ದುವ ಕೆಲಸ ನಡೆಯುತ್ತಿದೆ.